ಚರಂಡಿ ಕೆರೆ ಮುಟ್ಟುವ ಮೊದಲು: ಯಾವ ಊರಿಗೆ ಯಾವ ಶುದ್ಧೀಕರಣ ಒಗ್ಗುತ್ತದೆ?

ಹಿಂದೆ ಬಚ್ಚಲ ನೀರು ಹಿತ್ತಿಲು ದಾಟುತ್ತಿರಲಿಲ್ಲ. ಬಚ್ಚಲ ತೂತಿನಿಂದ ಹೊರಬಂದದ್ದು ಕೆಸುವಿನ ಗಿಡಕ್ಕೆ, ಅಲ್ಲಿಂದ ಬಾಳೆ ಬುಡಕ್ಕೆ, ಇನ್ನೂ ಉಳಿದರೆ ತೆಂಗಿನ ಪಾತಿಗೆ ಹೋಗುತ್ತಿತ್ತು. ಬಾವಿಯಿಂದ ಸೇದಿ ಹೊತ್ತು ತಂದ ನೀರನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಈಗ ಅಂಗಳಕ್ಕೇ ನಲ್ಲಿ ಬಂದಿದೆ. ಹೆಣ್ಣುಮಕ್ಕಳ ಸೊಂಟ ಉಳಿಸಿದ ನಲ್ಲಿ ಅದು, ಅದರ ಬಗ್ಗೆ ನನ್ನ ತಕರಾರಿಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಇಟ್ಟಿತು. ಮನೆಯೊಳಗೆ ಬಂದ ನೀರಿನಲ್ಲಿ ಮುಕ್ಕಾಲು ಪಾಲು ಕೊಳೆಯಾಗಿ ಹೊರಗೆ ಹೋಗುತ್ತದೆ. ಅದಕ್ಕೆ ದಾರಿ ಯಾವುದು ಎಂದು ಕೇಳುವ ಹೊತ್ತಿಗೆ ಸಿಮೆಂಟ್ ಚರಂಡಿ ಕಟ್ಟಿ ಇಳಿಜಾರಿಗೆ ಬಿಟ್ಟಾಗಿತ್ತು. ನಮ್ಮ ಬಯಲುಸೀಮೆಯಲ್ಲಿ ಇಳಿಜಾರಿನ ಕೊನೆಯಲ್ಲಿ ಇರುವುದು ಕೆರೆ. ಕೆರೆ ಇಲ್ಲದ ಕಡೆ ಹಳ್ಳ.

1,500 ಜನರ ಒಂದು ಊರನ್ನು ತೆಗೆದುಕೊಳ್ಳಿ. ದಿನಕ್ಕೆ 82,500 ಲೀಟರ್ ಒಳಗೆ, ಸುಮಾರು 60,000 ಲೀಟರ್ ಹೊರಗೆ. ಆರು ಸಾವಿರ ಲೀಟರಿನ ಹತ್ತು ಟ್ಯಾಂಕರ್ ಕೊಳೆನೀರನ್ನು ದಿನಾ ತಂದು ಕೆರೆಗೆ ಸುರಿದ ಹಾಗೆ. ಸಾಬೂನು, ಮಾರ್ಜಕದ ರಂಜಕ, ಕೊಟ್ಟಿಗೆಯ ಗಂಜಲ ಎಲ್ಲ ಸೇರಿ ಅಂತರಗಂಗೆಗೆ ಗೊಬ್ಬರವಾಗುತ್ತವೆ. ಕೆರೆಗಳು ಸರಪಳಿಯಂತೆ ಇರುವುದರಿಂದ ನಮ್ಮೂರ ಕೋಡಿ ಬಿದ್ದಾಗ ಆ ಕೊಳೆ ಕೆಳಗಿನ ಊರಿನ ಕೆರೆಗೂ ಹೋಗುತ್ತದೆ. ಇನ್ನೊಂದು ಮಾತನ್ನು ಗ್ರಾಮಸಭೆಯಲ್ಲಿ ಎಷ್ಟು ಸಲ ಹೇಳಿದರೂ ಸಾಲದು: ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿನ ಕೊಳವೆಬಾವಿ ಇರುವುದು ಕೆರೆ ಏರಿಯ ಕೆಳಗೇ. ಕೆರೆಗೆ ಬಿಟ್ಟದ್ದು ನೆಲದೊಳಗೆ ಇಳಿದು ನಮ್ಮ ನಲ್ಲಿಗೇ ಮರಳುತ್ತದೆ. ಮಲದ ಗುಂಡಿಯಿಂದ ಇಳಿಯುವ ನೈಟ್ರೇಟ್ ನೀರು ಕಾಯಿಸಿದರೆ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ.

ಹಾಗಾದರೆ ಏನು ಕಟ್ಟಬೇಕು? ಬಚ್ಚಲು ಗುಂಡಿಯೋ, ಕೊಳವೋ, ಜೊಂಡಿನ ಹಾಸಿಗೆಯೋ, ಡಿವ್ಯಾಟ್ಸ್ ಎಂಬ ವಿಕೇಂದ್ರೀಕೃತ ಕೊಳೆನೀರು ಶುದ್ಧೀಕರಣ ವ್ಯವಸ್ಥೆಯೋ, ಎಸ್‌ಟಿಪಿ ಎಂಬ ಯಂತ್ರದ ಶುದ್ಧೀಕರಣ ಘಟಕವೋ? ಪಂಚಾಯ್ತಿ ಕೆಲಸದಲ್ಲಿ ಓಡಾಡಿದ ವರ್ಷಗಳಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ಮಣ್ಣು ಏನು ಹೇಳುತ್ತದೆ ಎನ್ನುವುದು ಮೊದಲ ಪ್ರಶ್ನೆ, ಐದನೇ ವರ್ಷ ಹೂಳು ಎತ್ತುವವರು ಯಾರು ಎನ್ನುವುದು ಎರಡನೆಯದು. ಎಸ್ಟಿಮೇಟ್ ಇವೆರಡರ ನಂತರ ಬರಬೇಕು. ನಮ್ಮಲ್ಲಿ ಅದೇ ಮೊದಲು ಬರುತ್ತದೆ, ಅಲ್ಲೇ ಕೆಲಸ ಕೆಡುತ್ತದೆ.

ಚರಂಡಿಯಲ್ಲಿ ಹರಿಯುತ್ತಿರುವುದು ಯಾವ ನೀರು?

ಯಾವ ಆಯ್ಕೆಗೂ ಮುಂಚೆ ಬೆಳಗ್ಗೆ ಆರು ಗಂಟೆಗೆ ಎದ್ದು ಊರ ಚರಂಡಿಯ ಪಕ್ಕದಲ್ಲಿ ತುದಿಯಿಂದ ತುದಿಗೆ ನಡೆಯಿರಿ. ಬಚ್ಚಲು, ಪಾತ್ರೆ, ಬಟ್ಟೆಯ ನೀರು ಬೂದು ನೀರು. ಶೌಚದಿಂದ ಬಂದದ್ದು ಕಪ್ಪು ನೀರು. ಕಾಗದದ ಮೇಲೆ ಎರಡೂ ಬೇರೆ. ಚರಂಡಿಯಲ್ಲಿ ಬಹಳ ಕಡೆ ಬೇರೆಯಲ್ಲ. ಸೆಪ್ಟಿಕ್ ಟ್ಯಾಂಕಿನ ಹೊರ ಪೈಪನ್ನು ರಾತ್ರೋರಾತ್ರಿ ಚರಂಡಿಗೆ ತಿರುಗಿಸಿದ ಮನೆಗಳು ಪ್ರತಿ ಬೀದಿಯಲ್ಲೂ ಸಿಗುತ್ತವೆ. ಟ್ಯಾಂಕಿನಿಂದ ಹೊರಬರುವುದು ತಿಳಿನೀರು ಎಂಬ ನಂಬಿಕೆ ಇದಕ್ಕೆ ಕಾರಣ. ಕಣ್ಣಿಗೆ ತಿಳಿಯಾಗಿ ಕಂಡರೂ ಕೊಳೆಯ ಅರ್ಧದಷ್ಟನ್ನೂ ಸಾಮಾನ್ಯವಾಗಿ ಆ ಟ್ಯಾಂಕು ತೆಗೆದಿರುವುದಿಲ್ಲ, ರೋಗಾಣುಗಳಂತೂ ಜೀವಂತವಾಗಿಯೇ ಇರುತ್ತವೆ.

ನೂರು ಮನೆಯಲ್ಲಿ ಇಪ್ಪತ್ತು ಮನೆ ಹೀಗೆ ಮಾಡಿದ್ದರೂ ಇಡೀ ಊರಿನ ನೀರು ಕಪ್ಪು ನೀರೇ. ಬೂದು ನೀರಿಗೆಂದು ಲೆಕ್ಕ ಹಾಕಿದ ಸಣ್ಣ ವ್ಯವಸ್ಥೆಗಳು ಅದನ್ನು ತಡೆಯಲಾರವು. ಆದ್ದರಿಂದ ನಿಮ್ಮ ಮುಂದೆ ಎರಡೇ ದಾರಿ: ಆ ಪೈಪುಗಳನ್ನು ಚರಂಡಿಯಿಂದ ಬಿಡಿಸಿ ಪ್ರತಿ ಮನೆಗೂ ಇಂಗುಗುಂಡಿ ಕೊಡುವುದು, ಇಲ್ಲವೇ ಎಲ್ಲವೂ ಕಪ್ಪು ನೀರೆಂದು ಒಪ್ಪಿಕೊಂಡು ದೊಡ್ಡ ವ್ಯವಸ್ಥೆ ಕಟ್ಟುವುದು. ಸಾಧ್ಯವಿರುವ ಕಡೆಯೆಲ್ಲ ನಾನು ಮೊದಲನೆಯದನ್ನೇ ಹಿಡಿಯುತ್ತೇನೆ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಮನೆ ಮನೆ ಸುತ್ತುವ ತಾಳ್ಮೆ ಬೇಕು.

ಮಣ್ಣನ್ನು ಕೇಳಿ

ಇಂಗುಗುಂಡಿ ನಡೆಯುತ್ತದೋ ಇಲ್ಲವೋ ತಿಳಿಯಲು ಪ್ರಯೋಗಾಲಯ ಬೇಡ. ಗುಂಡಿ ಎಷ್ಟು ಆಳಕ್ಕೆ ಹೋಗಬೇಕೋ ಅಷ್ಟು ಆಳದಲ್ಲಿ ಒಂದಡಿ ಅಗಲದ ಕುಳಿ ತೋಡಿ, ತಳಕ್ಕೆ ಸ್ವಲ್ಪ ಜಲ್ಲಿ ಹಾಕಿ, ನೀರು ತುಂಬಿ ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ಮತ್ತೆ ನೀರು ಹಾಕಿ, ಮಟ್ಟ ಒಂದಿಂಚು ಇಳಿಯಲು ಎಷ್ಟು ನಿಮಿಷ ಹಿಡಿಯಿತು ನೋಡಿ. ಅರ್ಧ ಗಂಟೆಯೊಳಗೆ ಇಳಿದರೆ ಇಂಗುಗುಂಡಿಗೆ ಯೋಗ್ಯ. ಅರ್ಧ ಗಂಟೆಯಿಂದ ಒಂದು ಗಂಟೆಯಾದರೆ ಗುಂಡಿಯ ಬದಲು ಉದ್ದನೆಯ ಇಂಗು ಕಾಲುವೆ ಬೇಕು. ಒಂದು ಗಂಟೆ ಮೀರಿದರೆ ಆ ನೆಲ ಕುಡಿಯುವುದಿಲ್ಲ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಹೇಳುವುದೂ ಇದನ್ನೇ.

ತುಮಕೂರು, ಕೋಲಾರ, ಚಿತ್ರದುರ್ಗದ ಕೆಮ್ಮಣ್ಣು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ವಿಜಯಪುರ, ಕಲಬುರಗಿ, ಗದಗದ ಎರೆಮಣ್ಣಿನ ಕತೆಯೇ ಬೇರೆ: ಬೇಸಿಗೆಯಲ್ಲಿ ಬಾಯಿ ಬಿರಿದು ಎಲ್ಲವನ್ನೂ ನುಂಗುತ್ತದೆ, ಒಂದು ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮಾಡಿದರೆ ಎರೆಮಣ್ಣು ನಿಮಗೆ ಸುಳ್ಳು ಹೇಳುತ್ತದೆ. ಅಲ್ಲಿ ಗುಂಡಿ ಎರೆ ದಾಟಿ ಕೆಳಗಿನ ಗರ್ಸು, ಅಂದರೆ ನೀರು ಕುಡಿಯುವ ಒರಟು ಮಣ್ಣು, ಮುಟ್ಟಲೇಬೇಕು. ಗಡಿಯಾಚೆಯ ನಾಂದೇಡ್ ಜಿಲ್ಲೆಯೂ ಕಪ್ಪು ನೆಲವೇ. ಸುತ್ತ ಕಲ್ಲು ತುಂಬಿ ನಡುವೆ ತೂತಿನ ತೊಟ್ಟಿ ಕೂರಿಸುವ ಮ್ಯಾಜಿಕ್ ಪಿಟ್ ‘ನಾಂದೇಡ್ ಮಾದರಿ’ ಎಂದೇ ಹೆಸರಾದದ್ದು. ಹಾಗಾಗಿ ಕಪ್ಪು ನೆಲದಲ್ಲಿ ಗುಂಡಿಯೇ ಆಗದು ಎಂದು ಕೈಬಿಡಬೇಡಿ. ಗರ್ಸು ಎಷ್ಟು ಅಡಿಗೆ ಸಿಗುತ್ತದೆ ಎಂದು ಬಾವಿ ತೋಡಿದ ಹಿರಿಯರನ್ನು ಕೇಳಿ. ಹತ್ತಡಿಗೂ ಸಿಗದಿದ್ದರೆ ಮಾತ್ರ ಬೇರೆ ದಾರಿ ನೋಡಿ.

ಕರಾವಳಿ, ಮಲೆನಾಡಿನಲ್ಲಿ ತೊಂದರೆ ತಿರುಗುಮುರುಗು. ಮುರಕಲ್ಲಿನ ನೆಲ ತೀರಾ ಬೇಗ ಕುಡಿಯುತ್ತದೆ, ಜುಲೈಯಲ್ಲಿ ಅಂತರ್ಜಲ ಕೈಗೆಟುಕುವಷ್ಟು ಮೇಲೆ ಬರುತ್ತದೆ, ಪ್ರತಿ ಮನೆಗೂ ಒಂದು ತೆರೆದ ಬಾವಿ. ಗುಂಡಿಗೆ ಬಿಟ್ಟ ನೀರು ಸೋಸಿಕೊಳ್ಳದೆ ಕಲ್ಲಿನ ಸಂದುಗಳಲ್ಲೇ ಹರಿದು ಬಾವಿ ಸೇರಬಲ್ಲದು. ಅಲ್ಲಿ ಬೂದು ನೀರನ್ನು ಆಳಕ್ಕೆ ಇಂಗಿಸದೆ ತೋಟದ ಮೇಲ್ಮಣ್ಣಿಗೆ ಹರಡುವುದೇ ಮೇಲು. ಅಡಿಕೆ, ತೆಂಗು, ಬಾಳೆಯ ಬೇರು ಇರುವಲ್ಲಿ ಮಣ್ಣು ಅದನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಶೌಚದ ಗುಂಡಿಯಾದರೆ ತಳ ಮುಚ್ಚಿ, ಸುತ್ತ ಅರ್ಧ ಮೀಟರ್ ದಪ್ಪ ಸಣ್ಣ ಮರಳು ತುಂಬಿ, ನೆಲಮಟ್ಟದಿಂದ ಎತ್ತರಿಸಿ ಕಟ್ಟಬೇಕು. ಬಾವಿಯಿಂದ ಹತ್ತು ಮೀಟರ್ ಎಂಬ ರೂಢಿಯ ಅಂತರ ಮುರಕಲ್ಲಿಗೆ ಸಾಲದು, ಆದಷ್ಟೂ ದೂರ ಹೋಗಿ.

ಅಂಗಳದಲ್ಲೇ ಮುಗಿಯುವುದು

ಮಣ್ಣು ಕುಡಿಯುವ ಊರಿಗೆ ಮನೆಗೊಂದು ಬಚ್ಚಲು ಗುಂಡಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ನರೇಗಾದಲ್ಲಿ ರಾಜ್ಯದ ಉದ್ದಗಲಕ್ಕೂ ಇವನ್ನು ಕಟ್ಟಿಸಲಾಯಿತು. ಹಲವು ಕಡೆ ಎರಡೇ ವರ್ಷಕ್ಕೆ ತುಂಬಿ ನಿಂತವು, ಜನ ಪೈಪನ್ನು ಮತ್ತೆ ಚರಂಡಿಗೆ ಹಾಕಿದರು. ನಾನು ತೆಗೆಸಿ ನೋಡಿದ ಗುಂಡಿಗಳಲ್ಲೆಲ್ಲ ಕಂಡದ್ದು ಒಂದೇ: ಕಲ್ಲಿನ ಮೇಲೆ ಅನ್ನದ ಅಗುಳು, ಜಿಡ್ಡು, ಕೂದಲು ಮೆತ್ತಿಕೊಂಡು ಗೋಡೆಯಂತಾಗಿತ್ತು. ಗುಂಡಿಗೆ ಮುಂಚೆ ಒಂದಡಿ ಚೌಕದ ಸಣ್ಣ ತೊಟ್ಟಿ ಕಟ್ಟಿ, ಅದರಲ್ಲಿ ಜಾಲರಿ ಇಟ್ಟಿದ್ದರೆ ಗುಂಡಿ ಇನ್ನೂ ಬಹಳ ವರ್ಷ ನಡೆಯುತ್ತಿತ್ತು. ಆ ತೊಟ್ಟಿಯನ್ನು ವಾರಕ್ಕೊಮ್ಮೆ ಬಾಚುವುದು ಹತ್ತು ನಿಮಿಷದ ಕೆಲಸ. ಆದರೆ ಎಸ್ಟಿಮೇಟಿನಲ್ಲಿ ಇದ್ದ ಆ ತೊಟ್ಟಿಯನ್ನು ಸ್ಥಳದಲ್ಲಿ ಬಿಟ್ಟುಬಿಟ್ಟಿದ್ದರು. ನೀವು ಗುಂಡಿ ಕಟ್ಟಿಸುವಾಗ ಬಿಲ್ಲಿಗೆ ಸಹಿ ಹಾಕುವ ಮುಂಚೆ ಮೊದಲು ಆ ತೊಟ್ಟಿಯನ್ನು ನೋಡಿ.

ಹಿತ್ತಿಲಿರುವ ಮನೆಗೆ ಗುಂಡಿಯೂ ಬೇಡ; ಜಾಲರಿ ದಾಟಿದ ನೀರು ಬಾಳೆ, ಕೆಸು, ಪಪ್ಪಾಯಕ್ಕೆ ಹೋಗಲಿ. ಒತ್ತೊತ್ತಾಗಿ ಮನೆಗಳಿರುವ ಕೇರಿಗಳಲ್ಲಿ ಅಂಗಳವೇ ಇರುವುದಿಲ್ಲ. ಊರಿನಲ್ಲಿ ಅತಿ ಕಡಿಮೆ ಜಾಗ ಯಾರ ಕೇರಿಗೆ ಸಿಕ್ಕಿದೆ ಎನ್ನುವುದು ಎಲ್ಲರಿಗೂ ಗೊತ್ತು. ‘ಜಾಗವಿಲ್ಲ’ ಎಂದು ಆ ಕೇರಿಯನ್ನು ಯೋಜನೆಯಿಂದ ಬಿಡಬೇಡಿ. ಐದಾರು ಮನೆಗೊಂದು ಸಮುದಾಯ ಇಂಗುಗುಂಡಿಯನ್ನು ಬೀದಿ ಬದಿಯ ಸರ್ಕಾರಿ ಜಾಗದಲ್ಲಿ ಮೊದಲು ಅವರಿಗೇ ಕಟ್ಟಿ.

ಊರ ಬಾಯಲ್ಲಿ ಕಟ್ಟುವುದು

ಅಂಗಳದಲ್ಲಿ ಮುಗಿಯದ ನೀರಿಗೆ ಚರಂಡಿಯ ಕೊನೆಯಲ್ಲಿ ಏನಾದರೂ ಬೇಕು. ಇಲ್ಲಿ ನಿಜವಾದ ಆಯ್ಕೆ ಮೂರು.

ಸ್ಥಿರೀಕರಣ ಕೊಳಗಳು ಎಲ್ಲಕ್ಕಿಂತ ಸರಳ. ಎರಡರಿಂದ ಐದು ಮೀಟರ್ ಆಳದ ಮೊದಲ ಕೊಳದಲ್ಲಿ ಗಸಿ ಕೂರುತ್ತದೆ, ಒಂದೂವರೆ ಮೀಟರಿನಷ್ಟು ಆಳದ ಎರಡನೆಯದರಲ್ಲಿ ಪಾಚಿಯೂ ಬಿಸಿಲೂ ಕೆಲಸ ಮಾಡುತ್ತವೆ, ಮೀಟರ್ ಆಳದ ಮೂರನೆಯದರಲ್ಲಿ ಬಿಸಿಲಿಗೆ ರೋಗಾಣುಗಳು ಸಾಯುತ್ತವೆ. ವಿದ್ಯುತ್ ಬೇಡ, ಯಂತ್ರ ಬೇಡ. ರೋಗಾಣು ಕೊಲ್ಲುವುದರಲ್ಲಿ ಕೊಳ, ಜೊಂಡಿನ ಹಾಸಿಗೆ, ಡಿವ್ಯಾಟ್ಸ್ ಮೂರನ್ನೂ ಅಕ್ಕಪಕ್ಕ ಇಟ್ಟರೆ ಕೊಳಗಳೇ ಮುಂದು. ಬೇಕಾದದ್ದು ಜಾಗ. ನಮ್ಮ 1,500 ಜನರ ಊರಿಗೆ ನೀರು ಇಪ್ಪತ್ತು ದಿನ ನಿಲ್ಲಬೇಕೆಂದರೆ 1,200 ಘನ ಮೀಟರ್; ಬದು, ಓಡಾಡುವ ದಾರಿ ಸೇರಿಸಿದರೆ ಸುಮಾರು ಇಪ್ಪತ್ತು ಗುಂಟೆ. ಜಾಗ ಕಡಿಮೆಯೆಂದು ಕೆರೆಯ ಅಂಗಳದಲ್ಲೇ ಕೊಳ ತೋಡುವ ಸಲಹೆ ಪ್ರತಿ ಊರಲ್ಲೂ ಬರುತ್ತದೆ. ಒಪ್ಪಲೇಬೇಡಿ. ಕೆರೆ ತುಂಬಿದ ವರ್ಷ ಕೊಳದ ಗಸಿಯೆಲ್ಲ ಕೆರೆಯೊಳಗೇ ಕದಡುತ್ತದೆ, ಕೆರೆಯೂ ಅಷ್ಟು ಕಿರಿದಾಗುತ್ತದೆ.

ಕೊಳದ ದೌರ್ಬಲ್ಯ ಸೊಳ್ಳೆ. ಕೊಳೆನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯೇ ಆನೆಕಾಲು ರೋಗ ಹರಡುವುದು. ಕಲಬುರಗಿ, ಯಾದಗಿರಿ, ಬೀದರ್ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ದಡಕ್ಕೆ ಕಲ್ಲು ಕಟ್ಟಿ, ಅಂಚಿನ ಹುಲ್ಲು ಕಿತ್ತು, ತೇಲುವ ಕಳೆ ತೆಗೆದರೆ ಸೊಳ್ಳೆ ಬಹಳ ಮಟ್ಟಿಗೆ ಹತೋಟಿಗೆ ಬರುತ್ತದೆ. ತಿಂಗಳಿಗೆ ಎರಡು ದಿನ ಅದನ್ನು ಮಾಡುವವರಿಲ್ಲದಿದ್ದರೆ ಕೊಳ ಆರಿಸಬೇಡಿ. ಪಂಜಾಬಿನಲ್ಲಿ ಕಾಲಿ ಬೇಂಯಿ ನದಿಯನ್ನು ಕರಸೇವೆಯಿಂದ ಶುಚಿ ಮಾಡಿಸಿದ ಸಂತ ಬಲಬೀರ್ ಸಿಂಗ್ ಸೀಚೇವಾಲ್ ಅವರ ಹೆಸರಿನ ಮಾದರಿಯೂ ಮೂಲದಲ್ಲಿ ಇದೇ: ಸಾಲು ಬಾವಿಗಳಲ್ಲಿ ಗಸಿ ಕೂರಿಸಿ, ಕೊಳದಲ್ಲಿ ನಿಲ್ಲಿಸಿ, ಹೊಲಕ್ಕೆ ಹರಿಸುವುದು. ಅಲ್ಲಿ ಅದು ನಿಂತದ್ದು ನೀರಿನ ಕೊನೆಗೆ ಹೊಲ ಇದ್ದುದರಿಂದ. ಕೊಳದಿಂದ ಹೊರಬರುವ ನೀರಿಗೆ ಕಾಯುವ ರೈತರೊಬ್ಬರಿದ್ದರೆ ಕೊಳವನ್ನು ಕಾಯುವವರೂ ಇರುತ್ತಾರೆ. ನೇಪಿಯರ್ ಹುಲ್ಲು, ಹಿಪ್ಪುನೇರಳೆ, ತೆಂಗಿಗೆ ಈ ನೀರು ಸರಿ. ಕೊತ್ತಂಬರಿ, ಮೂಲಂಗಿ, ಸೌತೆಯಂತೆ ಹಸಿಯಾಗಿ ತಿನ್ನುವುದಕ್ಕೆ ಬೇಡ.

ಜೊಂಡಿನ ಹಾಸಿಗೆ ಎಂದರೆ ಎರಡಡಿ ಆಳದ ಜಲ್ಲಿಯ ತೊಟ್ಟಿಯಲ್ಲಿ ಜೊಂಡು ಅಥವಾ ಕ್ಯಾನಾ ನೆಟ್ಟು, ನೀರನ್ನು ಜಲ್ಲಿಯೊಳಗೇ ನಿಧಾನವಾಗಿ ಹಾಯಿಸುವುದು. ನೀರು ಮೇಲೆ ಕಾಣುವುದಿಲ್ಲವಾದ್ದರಿಂದ ಸೊಳ್ಳೆಯಿಲ್ಲ, ವಾಸನೆ ಕಡಿಮೆ. ಮನೆಗಳಿಗೆ ಹತ್ತಿರವೂ ಕಟ್ಟಬಹುದು. ನಮ್ಮ ಬಿಸಿಲಿಗೆ ತಲೆಗೆ ಒಂದರಿಂದ ಎರಡು ಚದರ ಮೀಟರ್ ಬೇಕಾಗುತ್ತದೆ. ನಾನು ಮನಸ್ಸಿಟ್ಟು ಕಟ್ಟಿಸಿದ ಮೊದಲ ಹಾಸಿಗೆ ಇಂಥದ್ದೇ, ಅದು ಎರಡನೇ ಮಳೆಗಾಲಕ್ಕೆ ಕಟ್ಟಿಕೊಂಡಿತು. ಮುಂದೆ ಗಸಿ ತೊಟ್ಟಿ ಇಟ್ಟಿರಲಿಲ್ಲ. ರಸ್ತೆಯ ಮಣ್ಣು, ಗುಟ್ಕಾ ಚೀಟಿ, ಸಗಣಿ ಎಲ್ಲ ನೇರ ಜಲ್ಲಿಗೆ ಬಂತು, ನೀರು ಮೇಲೆ ನಿಂತು ಕೆರೆಯತ್ತ ಉಕ್ಕಿತು. ಜಲ್ಲಿಯನ್ನೆಲ್ಲ ಹೊರಗೆ ಹಾಕಿ ತೊಳೆದು ಮತ್ತೆ ತುಂಬಲು ತಗಲಿದ ಕೂಲಿಯಲ್ಲಿ ಮೂರು ಗಸಿ ತೊಟ್ಟಿ ಕಟ್ಟಬಹುದಿತ್ತು. ಅಂದಿನಿಂದ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಹಾಸಿಗೆಯ ದುಡ್ಡಿನಲ್ಲಿ ಮೂರನೇ ಒಂದು ಪಾಲು ಹಾಸಿಗೆಗೆ ಮುಂಚಿನ ತೊಟ್ಟಿಗೆ ಮತ್ತು ಜಾಲರಿಗೆ ಹೋಗಲಿ. ಮಳೆನೀರು ಅದೇ ಚರಂಡಿಯಲ್ಲಿ ಬರುವುದಾದರೆ, ಜೋರು ಮಳೆಯಲ್ಲಿ ಪಕ್ಕಕ್ಕೆ ಹಾಯುವ ದಾರಿಯನ್ನೂ ಮಾಡಿ.

ಡಿವ್ಯಾಟ್ಸ್ ಈ ಮೂರರಲ್ಲಿ ಗಟ್ಟಿ. ಗಸಿ ತೊಟ್ಟಿ, ಅದರ ನಂತರ ನೀರು ಮೇಲೆ ಕೆಳಗೆ ಹತ್ತಿಳಿದು ಸಾಗುವ ಮುಚ್ಚಿದ ಕೋಣೆಗಳು, ಕಲ್ಲಿನ ಸೋಸು, ಕೊನೆಗೆ ಜೊಂಡಿನ ಹಾಸಿಗೆ ಅಥವಾ ಸಣ್ಣ ಕೊಳ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೋಣೆಗಳೊಳಗೆ ಕೊಳೆಯನ್ನು ತಿನ್ನುತ್ತವೆ. ಇಳಿಜಾರಿದ್ದರೆ ವಿದ್ಯುತ್ ಬೇಡ. ಬೆಂಗಳೂರಿನ ಸಿಡಿಡಿ ಸೊಸೈಟಿ ಇದನ್ನು ದೇಶದುದ್ದಕ್ಕೂ ಹಬ್ಬಿಸಿದ ಸಂಸ್ಥೆ, ಹಾಗಾಗಿ ತಿಳಿದವರು ನಮ್ಮಲ್ಲೇ ಇದ್ದಾರೆ. ಕಪ್ಪು ನೀರು ಬೆರೆತ ಚರಂಡಿಯನ್ನು ಇದು ತಾಳುತ್ತದೆ. ಬಹುಪಾಲು ನೆಲದೊಳಗೆ ಇರುವುದರಿಂದ ಜಾಗವೂ ಕಡಿಮೆ ಸಾಕು. ದೊಡ್ಡ ಊರು, ವಸತಿ ಶಾಲೆ, ಸಂತೆ ನಡೆಯುವ ಹೋಬಳಿ ಕೇಂದ್ರಕ್ಕೆ ನಾನು ಇದನ್ನೇ ಹೇಳುವುದು. ಕಟ್ಟುವ ಖರ್ಚು ಕೊಳಕ್ಕಿಂತ ಬಹಳ ಹೆಚ್ಚು. ಎರಡು ಮೂರು ವರ್ಷಕ್ಕೊಮ್ಮೆ ಗಸಿಯನ್ನು ಯಂತ್ರದಿಂದ ಎಳೆಸಲೇಬೇಕು. ಸಕ್ಕಿಂಗ್ ಗಾಡಿ ಹತ್ತಿರ ಬರಲು ರಸ್ತೆಯಿಲ್ಲದ ಜಾಗದಲ್ಲಿ ಡಿವ್ಯಾಟ್ಸ್ ಕಟ್ಟಿದ್ದನ್ನು ಕಂಡಿದ್ದೇನೆ. ಅಲ್ಲಿ ಗಸಿ ತೆಗೆಯುವುದು ಯಾರು? ಮನುಷ್ಯರನ್ನು ಇಳಿಸುವ ಪ್ರಶ್ನೆಯೇ ಇಲ್ಲ. ಮಲ ಬಾಚುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಅದನ್ನು ಅಪರಾಧವೆಂದಿದೆ, ಕಾಯ್ದೆ ಇರದಿದ್ದರೂ ಅದು ಅಪರಾಧವೇ. ಯಾರಾದರೂ ಕೆಳಗಿಳಿದೇ ತೆಗೆಯಬೇಕಾದ ಯಾವ ವಿನ್ಯಾಸವನ್ನೂ, ಅದು ಎಷ್ಟೇ ಅಗ್ಗವಾಗಿದ್ದರೂ, ಪಟ್ಟಿಯಿಂದ ಹೊಡೆದು ಹಾಕಿ.

ಗಾಳಿ ಊದುವ ಯಂತ್ರದ ಎಸ್‌ಟಿಪಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಡೀ ದಿನ ವಿದ್ಯುತ್, ತರಬೇತಾದ ಆಪರೇಟರ್, ಪ್ರತಿ ತಿಂಗಳ ಬಿಲ್ಲು, ಈ ಮೂರೂ ಇರುವ ಪಟ್ಟಣದಂಥ ಪಂಚಾಯ್ತಿಗೆ ಅದು ಸರಿ. ಬೀದಿ ದೀಪದ ಬಾಕಿ ಕಟ್ಟಲಾಗದ ಪಂಚಾಯ್ತಿಗೆ ಅಲ್ಲ. ಊದುವುದು ನಿಂತರೆ ಕೆಲವೇ ದಿನದಲ್ಲಿ ಒಳಗಿನ ಜೀವಿಗಳು ಸಾಯುತ್ತವೆ, ಆಮೇಲೆ ಅದು ದುಬಾರಿ ಚರಂಡಿ ಅಷ್ಟೆ.

ಶೌಚದ ಗುಂಡಿ

ಒಂದೇ ಗುಂಡಿಯ ಶೌಚಾಲಯಕ್ಕೆ ಇನ್ನೊಂದು ಗುಂಡಿ ಸೇರಿಸುವುದು ನನಗೆ ಗೊತ್ತಿರುವ ಅತ್ಯಂತ ಲಾಭದ ಸುಧಾರಣೆ. ವೈ ಆಕಾರದ ಚೇಂಬರಿನಿಂದ ಒಂದು ಸಲಕ್ಕೆ ಒಂದೇ ಗುಂಡಿಗೆ ಬಿಟ್ಟು, ಅದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯಲ್ಲಿರುವುದು ಎರಡು ವರ್ಷ ಬಿಟ್ಟರೆ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಎರಡೂ ಗುಂಡಿಗೆ ಒಟ್ಟಿಗೇ ನೀರು ಬಿಟ್ಟ ಮೇಸ್ತ್ರಿಗಳಿದ್ದಾರೆ. ಚೇಂಬರಿನ ಒಂದು ಬಾಯಿಗೆ ಇಟ್ಟಿಗೆ ಇದೆಯೇ ಎಂದು ಮುಚ್ಚಳ ತೆಗೆಸಿ ನೋಡಿ. ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲಕ್ಕೂ ಎರಡು ಮೀಟರ್ ಅಂತರ ಇರಬೇಕು.

ಸೆಪ್ಟಿಕ್ ಟ್ಯಾಂಕ್ ಇರುವ ಮನೆಗಳ ಗಸಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಇಂದು ಬಹಳ ಕಡೆ ಉತ್ತರ ‘ಹಳ್ಳಕ್ಕೆ’. ಕತ್ತಲಲ್ಲಿ ಬಂದ ಗಾಡಿ ಸೇತುವೆ ಬಳಿ ಪೈಪು ಬಿಡುತ್ತದೆ. ಊರ ಬೂದು ನೀರೆಲ್ಲ ಶುದ್ಧ ಮಾಡಿದ ಶ್ರಮವನ್ನು ಅಂಥ ಒಂದೆರಡು ಗಾಡಿ ಮಣ್ಣುಪಾಲು ಮಾಡಬಲ್ಲವು. ಹತ್ತಿರದ ಪಟ್ಟಣದಲ್ಲಿ ಎಸ್‌ಟಿಪಿ ಇದ್ದರೆ ಗಸಿಯನ್ನು ಅಲ್ಲಿಗೆ ಒಯ್ಯುವ ಒಪ್ಪಂದ ಮೊದಲ ಆಯ್ಕೆ. ಇಲ್ಲದಿದ್ದರೆ ಹಲವು ಪಂಚಾಯ್ತಿ ಸೇರಿ ಒಂದು ಮಲತ್ಯಾಜ್ಯ ಘಟಕ. 2015ರಲ್ಲಿ ದೇವನಹಳ್ಳಿ ಪಟ್ಟಣದಲ್ಲಿ ಶುರುವಾದ ಘಟಕ ದಿನಕ್ಕೆ ಆರು ಸಾವಿರ ಲೀಟರಿನಷ್ಟು ಗಸಿಗೆ ಅಳೆದು ಕಟ್ಟಿದ್ದು. ಇಳಿಜಾರಿನ ಬಲದಿಂದಲೇ ನಡೆದು, ಒಣಗಿದ ಗಸಿಯನ್ನು ಊರ ಹಸಿಕಸದ ಜತೆ ಕಾಂಪೋಸ್ಟ್ ಮಾಡುವ ದಾರಿ ತೋರಿಸಿತು. ಒಂದೇ ಪಂಚಾಯ್ತಿ ಒಂಟಿಯಾಗಿ ಇದನ್ನು ಕಟ್ಟಿದರೆ ಗಾಡಿಗೆ ಕೆಲಸ ಸಾಲುವುದಿಲ್ಲ.

ಹಣ, ಮತ್ತು ಕೈ

ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದ ಮಾರ್ಗಸೂಚಿ ಬೂದು ನೀರಿಗೆ 5,000 ಜನರವರೆಗಿನ ಊರಲ್ಲಿ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಲ್ಲಿ 660 ರೂಪಾಯಿ ಇಟ್ಟಿತು, ಅದರಲ್ಲಿ ಶೇ. 30ನ್ನು 15ನೇ ಹಣಕಾಸು ಆಯೋಗದ ಅನುದಾನದಿಂದ ಪಂಚಾಯ್ತಿ ಭರಿಸಬೇಕಿತ್ತು. ನಮ್ಮ 1,500 ಜನರ ಊರಿಗೆ 4,20,000 ರೂಪಾಯಿ. ಇದು ಗುಂಡಿಗಳಿಗೆ, ಗಸಿ ತೊಟ್ಟಿಗೆ, ಮಣ್ಣಿನ ಕೊಳಕ್ಕೆ ಹೊಂದುವ ಮೊತ್ತ. ಕಾಂಕ್ರೀಟಿನ ಡಿವ್ಯಾಟ್ಸ್‌ಗೆ ಬೇರೆ ಮೂಲ ಹುಡುಕದೆ ಕೈ ಹಾಕಬೇಡಿ, ಅರ್ಧಕ್ಕೆ ನಿಂತ ಕೋಣೆಗಳು ಸೊಳ್ಳೆಯ ತೊಟ್ಟಿಲಾಗುತ್ತವೆ. ಅಂಗಳದಲ್ಲಿ ಎಷ್ಟು ಮನೆ ಮುಗಿಯುತ್ತವೋ ಊರ ಬಾಯಿಯ ಕೊಳ ಅಷ್ಟು ಚಿಕ್ಕದಾಗುತ್ತದೆ. ಹಾಗಾಗಿ ಗುಂಡಿ ಅಥವಾ ಕೊಳ ಎಂದು ಜಗಳವಾಡುವ ಬದಲು ಗುಂಡಿ ಮುಗಿಸಿ, ಉಳಿದ ಹರಿವನ್ನು ಒಂದು ಬಕೆಟ್ಟು, ಒಂದು ಗಡಿಯಾರ ಹಿಡಿದು ಅಳೆದು, ಆಮೇಲೆ ಕೊಳದ ಅಳತೆ ಹಾಕಿ.

ಕಟ್ಟುವ ಠರಾವಿನಲ್ಲೇ ಇನ್ನೆರಡು ಸಾಲು ಬರೆಸಿ: ಜಾಲರಿ ಬಾಚುವವರಿಗೆ ತಿಂಗಳಿಗೆ ಎಷ್ಟು ಕೂಲಿ, ಯಾವ ಬಾಬ್ತಿನಿಂದ, ಕೈಗವಸು, ಬೂಟು ಕೊಡುವುದು ಯಾರು. ಆ ಕೂಲಿಯನ್ನು ಯಾವಾಗಲೂ ಒಂದೇ ಕೇರಿಯವರು ಮಾಡಬೇಕೆಂದು ಊರು ಅಂದುಕೊಂಡಿದ್ದರೆ ಅದನ್ನೂ ಅದೇ ಸಭೆಯಲ್ಲಿ ಎತ್ತಿ.

ನಿರ್ಧಾರಕ್ಕೆ ಮುಂಚೆ ಕಟ್ಟಿ ಮುಗಿದ ಒಂದನ್ನು ಹೋಗಿ ನೋಡುವುದಾದರೆ ಹೊಸದನ್ನು ನೋಡಬೇಡಿ. ನಾಲ್ಕನೇ ವರ್ಷದ್ದನ್ನು, ಆಗಸ್ಟಿನಲ್ಲಿ, ಯಾರಿಗೂ ಹೇಳದೆ ಹೋಗಿ ನೋಡಿ. ಗಸಿ ತೊಟ್ಟಿಯ ಮುಚ್ಚಳ ತೆಗೆಯಲು ಬರುತ್ತದೆಯೇ? ಹಿಂದಿನ ಸಲ ಗಸಿ ಎಳೆಸಿದ ತಾರೀಕು ಯಾರಿಗಾದರೂ ನೆನಪಿದೆಯೇ? ಹೊರಬರುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಮೂಸಿ. ಒಂದು ಬಾಟಲಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆ ಅರಗಲು ಬೇಕಾಗುವ ಆಮ್ಲಜನಕದ ಅಳತೆ, ಕೇಳಿ. ನದಿ ಕೆರೆಗೆ ಬಿಡುವ ನೀರಿಗೆ ದೇಶದ ಸಾಮಾನ್ಯ ಮಾನದಂಡ ಲೀಟರಿಗೆ 30 ಮಿಲಿಗ್ರಾಂ. ಬಾಟಲಿ ತುಂಬುವಾಗ ಅಲ್ಲಿಯ ಪಕ್ಕದ ಹೊಲದವರನ್ನೂ ಮಾತಾಡಿಸಿ. ಆ ನೀರು ಬೇಕೆಂದು ಅವರು ಪೈಪು ಎಳೆದುಕೊಂಡಿದ್ದರೆ, ಅದನ್ನು ಕಟ್ಟಿದ ಮೇಸ್ತ್ರಿ ಯಾರೆಂದು ಕೇಳಿಕೊಂಡು ಬನ್ನಿ.